ಚೆಂಡುಹೂವಿನ ಮೊದಲ ಚೀಟಿ

ಚೆಂಡುಹೂವು ಗಿಡದಿಂದ ಕಿತ್ತ ಗಳಿಗೆಯಿಂದಲೇ ತೂಕ ಕಳೆದುಕೊಳ್ಳಲು ಶುರು ಮಾಡುತ್ತದೆ. ಬೆಳಗಿನ ಇಬ್ಬನಿಯಲ್ಲಿ ಕಿತ್ತು ತುಂಬಿದ ಚೀಲವನ್ನು ಮಧ್ಯಾಹ್ನ ತೂಗಿ ನೋಡಿ, ಅದೇ ಚೀಲ, ಅದೇ ಹೂವು, ತೂಕ ಮಾತ್ರ ಬೇರೆ. ಗುಂಡ್ಲುಪೇಟೆ ಕಡೆ ಹೂವು ಬೆಳೆಯುವ ಯಾವ ಹೆಂಗಸನ್ನು ಕೇಳಿದರೂ ಇದನ್ನು ಹೇಳುತ್ತಾಳೆ. ಅವರಿಗೆ ಚೀಲ ಇಟ್ಟುಕೊಂಡು ಕಾಯುವುದೆಂದರೆ ತಮ್ಮ ಬೆವರು ಕಣ್ಣೆದುರೇ ಆವಿಯಾಗುವುದನ್ನು ನೋಡುತ್ತಾ ಕೂರುವುದು. ಆ ದಿನ ಭೀಮನಬೀಡಿನಲ್ಲಿ ನಮ್ಮಕ್ಕನ ಮನೆಯ ಮುಂದಿನ ಕಣದಲ್ಲಿ ಹಾಗೆ ಕೂತಿದ್ದವರೆಲ್ಲ ನಾನು ಒಂದು ಫೈಲು ಹುಡುಕುವುದನ್ನು ಕಾಯುತ್ತಿದ್ದರು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚಾಮರಾಜನಗರದಲ್ಲಿ ನನ್ನದೇ ಒಂದು ಅಂಗಡಿ ಇದೆ, ತೂಕದ ಮಿಷಿನ್ನು ರಿಪೇರಿಯದು. ಅರಿಸಿನದ ಮಂಡಿಯಿಂದ ಹಿಡಿದು ರೇಷ್ಮೆಗೂಡಿನ ಮಾರ್ಕೆಟ್ಟಿನವರೆಗೆ, ಈ ಊರಿನಲ್ಲಿ ತೂಗಿ ಮಾರುವ ಯಾವ ಪದಾರ್ಥವೂ ಒಂದಲ್ಲ ಒಂದು ಸಲ ನನ್ನ ಕೈ ಮುಟ್ಟಿದ ತಟ್ಟೆಯ ಮೇಲೆ ಕೂತಿರುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದುಡಿದು ಸಂಪಾದಿಸಿದ ಹೆಸರು.

ಕೆಲಸ ಕಲಿಸಿದ ಯಜಮಾನರು ಒಬ್ಬ ವಿಚಿತ್ರ ಮನುಷ್ಯ. ಗೋಡೆಗೆ ಸಾಲಾಗಿ ಮೊಳೆ ಹೊಡೆದು, ಒಂದೊಂದು ಮೊಳೆಗೆ ಒಂದೊಂದು ಹತಾರ ನೇತುಹಾಕಿದ್ದರು. ಅವರು ತಿರುಗಿ ನೋಡುತ್ತಿರಲಿಲ್ಲ. ಕೈಯನ್ನು ಹಿಂದಕ್ಕೆ ಚಾಚುತ್ತಿದ್ದರು, ಬೇಕಾದ್ದು ಕೈಗೆ ಸಿಗಬೇಕು. ಸಿಗಲಿಲ್ಲವೋ, ಪಕ್ಕದ ಮೊಳೆ ತಡವುತ್ತಿರಲಿಲ್ಲ, ಕೆಳಗೆ ಬಿದ್ದಿದೆಯಾ ಎಂದು ಬಗ್ಗುತ್ತಲೂ ಇರಲಿಲ್ಲ. ಕೆಲಸ ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಬೈದರೆ ವಾಸಿ ಅನಿಸುವಂಥ ನೋಟ ಅದು. ಎಷ್ಟೋ ವರ್ಷದ ಮೇಲೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಕೂತಾಗ ಅದೇ ನೋಟ ಮತ್ತೆ ಎದುರಾಯಿತು.

ಜಾವಾಕ್ಕೆ ನನ್ನನ್ನು ತಳ್ಳಿದ್ದು ಅಕ್ಕ. ಅವಳು ಭೀಮನಬೀಡಿನಲ್ಲಿ ಹೂವು ಬೆಳೆಯುವ ಹೆಂಗಸರದೊಂದು ಗುಂಪು ಕಟ್ಟಿದ್ದಾಳೆ. ಓಣಂ ಹತ್ತಿರ ಬಂತೆಂದರೆ ಕೇರಳದಿಂದ ಹೂವಿಗೆ ಲಾರಿಗಳು ಬರುತ್ತವೆ. ಆದರೆ ಹೂವು ಲಾರಿಗೆ ಹೋಗುವ ಮೊದಲು ರಸ್ತೆ ಬದಿಯ ಏಜೆಂಟನ ತಕ್ಕಡಿ ಹತ್ತಿ ಇಳಿಯಬೇಕಿತ್ತು. ಆತ ಚೀಲದೊಳಗೆ ಕೈ ಹಾಕಿ, ತೇವ ಇದೆ ಎಂದು ಬಾಯಲ್ಲೇ ಒಂದಷ್ಟು ತೂಕ ಕಳೆದು, ಸಿಗರೇಟು ಪ್ಯಾಕಿನ ಹಿಂದೆ ಗೀಚಿಕೊಡುತ್ತಿದ್ದ. ಕೇಳಿದರೆ, ನಾಳೆಯಿಂದ ಬೇರೆ ಕಡೆ ಹಾಕ್ಕೊಳ್ಳಿ ಅನ್ನುತ್ತಿದ್ದ. ಬೇರೆ ಕಡೆ ಅನ್ನುವುದೇ ಇರಲಿಲ್ಲ.

ಅಕ್ಕ ಆ ಬೇರೆ ಕಡೆಯನ್ನು ತಾನೇ ಮಾಡಲು ಹೊರಟಳು. ಹೂವನ್ನು ನಮ್ಮ ಕಣದಲ್ಲೇ ತೂಗೋಣ, ಲಾರಿಯವರು ಇಲ್ಲಿಂದಲೇ ಒಯ್ಯಲಿ, ತೂಕ ಎಲ್ಲರ ಕಣ್ಣಿಗೂ ಕಾಣಲಿ, ಮಿಷಿನ್ನಿನಿಂದಲೇ ಅಚ್ಚಾದ ಚೀಟಿ ಹೂವು ತಂದವಳ ಕೈಗೆ ಹೋಗಲಿ ಎಂದು ಹೆಂಗಸರನ್ನು ಕೂರಿಸಿಕೊಂಡು ಹೇಳಿದಳು. ಚೀಟಿಯ ಮಾತು ಎಲ್ಲರಿಗೂ ಹಿಡಿಸಿತು. ಒಪ್ಪಿಸಿ ಆದ ಮೇಲೆ ನನಗೆ ಫೋನು ಮಾಡಿದಳು. ಕೇಳುವುದು ಅವಳ ಅಭ್ಯಾಸವಲ್ಲ, ತಿಳಿಸುವುದು ಅಭ್ಯಾಸ.

ಗುಂಪಿಗೆ ಯಾರೋ ಕೊಟ್ಟ ಹಳೇ ಕಂಪ್ಯೂಟರ್ ಒಂದಿತ್ತು, ಅದರಲ್ಲಿ ಲಿನಕ್ಸ್ ಇತ್ತು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಅದು, ಯುನಿಕ್ಸ್ ವಂಶದ್ದು, ಪುಕ್ಕಟೆ ಸಿಗುತ್ತದೆ, ಹಳೇ ಮಿಷಿನ್ನಿನ ಮೇಲೂ ಓಡುತ್ತದೆ. ತೂಕದ ಮಿಷಿನ್ನಿನ ಬೆನ್ನಲ್ಲಿ ಒಂದು ಸಾಕೆಟ್ ಇರುತ್ತದೆ, ಅಲ್ಲಿಂದ ಅಂಕಿ ತಂತಿಯಲ್ಲಿ ಹೊರಗೆ ಹರಿಯುತ್ತದೆ ಎಂಬುದು ನನಗೆ ಮೊದಲಿಂದ ಗೊತ್ತು. ಆ ಅಂಕಿಯನ್ನು ಕಂಪ್ಯೂಟರಿನಲ್ಲಿ ಹಿಡಿದು ಚೀಟಿ ಮಾಡುವ ಪ್ರೋಗ್ರಾಂ ಬೇಕಿತ್ತು. ಮೈಸೂರಿನಿಂದ ಯಾರನ್ನಾದರೂ ಕರೆಸೋಣವೇ ಎಂದು ಅಕ್ಕನ ಮಗಳು ಕೇಳಿದಳು. ಅವಳು ಗುಂಡ್ಲುಪೇಟೆಯಲ್ಲಿ ಡಿಗ್ರಿ ಓದುತ್ತಾಳೆ, ಗುಂಪಿನ ಲೆಕ್ಕವನ್ನೂ ನೋಡಿಕೊಳ್ಳುತ್ತಾಳೆ. ಬೇಡ, ನಾನೇ ಬರೆಯುತ್ತೇನೆ ಅಂದೆ. ಆಗ ನನಗೆ ಜಾವಾ ಎಂದರೆ ಹೆಸರು ಮಾತ್ರ ಗೊತ್ತಿತ್ತು.

ಕಲಿತೆ. ಗಡಿಯಾಚೆ ತಾಳವಾಡಿ ಕಡೆಯ ಗಿರಾಕಿಗಳಿಂದ ನನಗೆ ತಮಿಳು ಬಂದಿತ್ತು. ತಮಿಳಿನಲ್ಲಿ ಪಾಠ ಹೇಳುವ ವಿಡಿಯೋಗಳು ಬೇಕಾದಷ್ಟು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನು ಒಂದು ಕಡೆ, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು ಒಂದು ಕಡೆ. ಜಾವಾ ಬರೆಯುವುದಕ್ಕೆಂದೇ ಒಂದು ತಂತ್ರಾಂಶ ಇದೆ, ಅದರೊಳಗೇ ಬರೆಯಬಹುದು, ಅದರೊಳಗಿಂದಲೇ ಓಡಿಸಿ ನೋಡಬಹುದು. ಒಂದು ಸೆಮಿಕೋಲನ್ ಬಿಟ್ಟರೆ ಕೆಂಪು ಗೆರೆ ಎಳೆದು ತೋರಿಸುತ್ತದೆ. ಶಾಲೆಯಲ್ಲಿ ತಪ್ಪಿಗೆ ಬೆತ್ತದ ಏಟು ತಿಂದವನಿಗೆ ಈ ಕೆಂಪು ಗೆರೆ ತುಂಬಾ ಮರ್ಯಾದಸ್ಥ ಮೇಷ್ಟರ ಹಾಗೆ ಕಂಡಿತು.

ಆದರೆ ಜಾವಾ ತಾನೇ ಕೈ ಹಾಕಿ ತಂತಿಯನ್ನು ಮುಟ್ಟುವುದಿಲ್ಲ. ಅದಕ್ಕೆ ಲೈಬ್ರರಿ ಎಂಬ ಸಹಾಯಕ ಫೈಲೊಂದು ಬೇಕು. ಆ ಫೈಲು ಯಾವ ಜಾಗದಲ್ಲಿದೆ ಎಂದು ಮೊದಲೇ ಬರೆದು ಹೇಳಿರಬೇಕು, ಅದೇ ಲೈಬ್ರರಿ ಪಾತ್. ಥೇಟ್ ನಮ್ಮ ಯಜಮಾನರು. ಹೇಳಿದ ಮೊಳೆಗೆ ಕೈ ಚಾಚುತ್ತದೆ, ಅಲ್ಲಿ ಸಿಗದಿದ್ದರೆ ಪಕ್ಕದಲ್ಲೇ ಫೈಲಿದ್ದರೂ ನೋಡುವುದಿಲ್ಲ. ಪಾತ್‌ನಲ್ಲಿ ಇಂಥ ಲೈಬ್ರರಿ ಇಲ್ಲ ಎಂದು ಕೆಂಪಕ್ಷರ ಕಾರಿ ನಿಂತುಬಿಡುತ್ತದೆ.

ಮೊದಲ ಸಲ ಆ ಕೆಂಪಕ್ಷರ ಬಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಕಪ್ಪು ಪರದೆಯ ಟರ್ಮಿನಲ್‌ನಲ್ಲಿ ಹೆಸರು ಟೈಪು ಮಾಡಿ ತಂತ್ರಾಂಶ ತೆರೆದರೆ ಎಲ್ಲ ಸರಿ, ತೂಕ ಬರುತ್ತದೆ. ಅದೇ ತಂತ್ರಾಂಶವನ್ನು ಐಕಾನ್ ಒತ್ತಿ ತೆರೆದರೆ ಲೈಬ್ರರಿ ಇಲ್ಲ. ಒಂದೇ ಮಿಷಿನ್ನು, ಒಂದೇ ಪ್ರೋಗ್ರಾಂ. ಸಿಟ್ಟು ಬಂದು ಲ್ಯಾಪ್‌ಟಾಪ್ ಮುಚ್ಚಿಟ್ಟು ಅರಿಸಿನ ಮಂಡಿಯ ತಕ್ಕಡಿ ಬಿಚ್ಚಿ ಕೂತೆ. ಬಿಚ್ಚಿದ ತಕ್ಕಡಿಗೆ ಕೆಲಸ ಇತ್ತೋ ಇಲ್ಲವೋ ಜ್ಞಾಪಕವಿಲ್ಲ. ಆಮೇಲೆ ಹೊಳೆಯಿತು. ನಾನು ಪಾತ್ ಬರೆದದ್ದು ಟರ್ಮಿನಲ್ ತೆರೆಯುವಾಗ ಓದಿಕೊಳ್ಳುವ ಫೈಲಿನಲ್ಲಿ. ಐಕಾನ್ ಒತ್ತಿ ಬರುವವರು ಆ ಬಾಗಿಲಲ್ಲಿ ಬರುವುದೇ ಇಲ್ಲ. ಮುಂಬಾಗಿಲಲ್ಲಿ ನಿಂತು ಹೇಳಿದ್ದು ಹಿತ್ತಿಲಿಂದ ಬಂದವನಿಗೆ ಹೇಗೆ ಕೇಳಬೇಕು? ಮೊದಲು ಪಾತ್ ಹೇಳಿ ಆಮೇಲೆ ತಂತ್ರಾಂಶ ತೆರೆಯುವಂತೆ ಎರಡು ಸಾಲಿನ ಸಣ್ಣ ಫೈಲೊಂದನ್ನು ಬರೆದು ಐಕಾನನ್ನು ಅದಕ್ಕೆ ಗಂಟುಹಾಕಿದೆ. ತೂಕ ಬಂತು. ಆ ದಿನ ಅಂಗಡಿಗೆ ಬಂದ ಎಲ್ಲರಿಗೂ ಟೀ ಕುಡಿಸಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ.

ಅದನ್ನೇ ಹಾಗೇ ಭೀಮನಬೀಡಿನ ಕಂಪ್ಯೂಟರಿಗೂ ಹಾಕಿದೆ. ‘ತೂಕ’ ಎಂದು ಒಂದು ಫೋಲ್ಡರು ಮಾಡಿ ಸಹಾಯಕ ಫೈಲನ್ನು ಅದರೊಳಗಿಟ್ಟೆ, ಚೀಟಿಗಳ ಲೆಕ್ಕವೂ ಅಲ್ಲೇ. ಹೆಸರು ಕನ್ನಡದಲ್ಲೇ ಇರಲಿ ಎಂದದ್ದು ನಾನೇ. ಅಕ್ಕನೂ ಒಂದು ಬೇಡಿಕೆ ಇಟ್ಟಿದ್ದಳು. ನಮ್ಮಲ್ಲಿ ಅಳೆಯುವಾಗ ಮೊದಲ ಅಳತೆಯನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಚೀಟಿಯಲ್ಲೂ ಹಾಗೇ ಬರಬೇಕು ಅಂದಳು. ಪ್ರತಿ ದಿನದ ಮೊದಲ ಚೀಟಿಯ ನಂಬರಿನ ಜಾಗದಲ್ಲಿ ‘ಲಾಭ’ ಎಂದು ಬರುವಂತೆ ಬರೆದೆ. ಅಕ್ಕನ ಮಗಳ ಮುಂದೆಯೇ ಕಲ್ಲಿಟ್ಟು ತೂಗಿ ನೋಡಿದೆವು. ಬಂತು. ನಿಶ್ಚಿಂತೆಯಾಗಿ ಚಾಮರಾಜನಗರಕ್ಕೆ ವಾಪಸು ಹೊರಟೆ.

ತೂಕ ಶುರುವಾಗುವ ದಿನ ಬೆಳಗಿನ ಮೊದಲ ಬಸ್ಸಿಗೇ ಹತ್ತಿದೆ. ತೆರಕಣಾಂಬಿ ದಾಟುವಷ್ಟರಲ್ಲಿ ಬಿಸಿಲು ಬಂತು, ಕಿಟಕಿಯಾಚೆ ಹೊಲದ ತುಂಬಾ ಹಳದಿ ಕೇಸರಿ. ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ನಾನು ಹೋಗುವಷ್ಟರಲ್ಲಿ ಕಂಪ್ಯೂಟರಿಗೆ ಪೂಜೆಯಾಗಿತ್ತು. ಪರದೆಯ ಹಣೆಗೆ ಕುಂಕುಮ, ಕೀಬೋರ್ಡಿನ ಮೇಲೆ ಒಂದು ಚೆಂಡುಹೂವು, ತೂಕದ ಮಿಷಿನ್ನಿಗೆ ವಿಭೂತಿ ಪಟ್ಟೆ. ಕಣದಲ್ಲಿ ಹೆಂಗಸರು ಚೀಲಗಳ ಜೊತೆ ಕೂತಿದ್ದರು. ಹುಣಸೆಮರದ ನೆರಳಲ್ಲಿ ಏಜೆಂಟನ ಗೂಡ್ಸ್ ಆಟೋ ನಿಂತಿತ್ತು. ಡ್ರೈವರು ಕೆಲಸವಿಲ್ಲದವನ ಹಾಗೆ ಕಾಲು ಚಾಚಿ ಕೂತಿದ್ದ, ಆದರೆ ಅವನಿಗೆ ಕೆಲಸ ಇತ್ತು, ನಮ್ಮಲ್ಲಿಂದ ಎದ್ದು ಬಂದವರ ಹೂವು ತುಂಬಿಕೊಳ್ಳುವುದು.

ಎಲ್ಲರಿಗಿಂತ ಮುಂಚೆ ಬಂದಿದ್ದ ಒಬ್ಬ ಅಜ್ಜಿಯ ಚೀಲವನ್ನು ತಟ್ಟೆಯ ಮೇಲೆ ಇಟ್ಟರು. ಕೆಂಪಂಕಿ ಹತ್ತಿಕೊಂಡಿತು. ಅಕ್ಕನ ಮಗಳು ಐಕಾನ್ ಒತ್ತಿದಳು, ತಂತ್ರಾಂಶ ತೆರೆಯಿತು, ಪ್ರೋಗ್ರಾಂ ಓಡಿಸಿದಳು. ಪರದೆಯ ಮೇಲೂ ಕೆಂಪೇ ಬಂತು, ಆದರೆ ಅಂಕಿಯಲ್ಲ. ಪಾತ್‌ನಲ್ಲಿ ಲೈಬ್ರರಿ ಇಲ್ಲ.

ನಾನು ಕುರ್ಚಿ ಎಳೆದು ಕೂತೆ. ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಹಳೆಯ ರೋಗವೇ ಇರಬೇಕು ಎಂದು ನನ್ನ ಎರಡು ಸಾಲಿನ ಫೈಲನ್ನು ತೆರೆದೆ. ಪಾತ್ ಅಲ್ಲೇ ಇತ್ತು, ನಾನು ಬರೆದ ಹಾಗೇ, ಒಂದಕ್ಷರ ಆಚೀಚೆ ಆಗಿರಲಿಲ್ಲ. ಆ ಸಾಲು ಕಿವಿಗೆ ಬಿದ್ದಿದೆಯೇ ಎಂದು ಕಂಪ್ಯೂಟರನ್ನೇ ಕೇಳಿದೆ. ಬಿದ್ದಿದೆ, ಇಂಥ ಜಾಗದಲ್ಲಿ ನೋಡುತ್ತೇನೆ ಎಂದು ಅದು ನನ್ನ ಸಾಲನ್ನೇ ಒಪ್ಪಿಸಿತು. ನನ್ನನ್ನು ದಾರಿ ತಪ್ಪಿಸಿದ್ದು ಇದೇ. ಬರೆದದ್ದು ಸರಿಯಿದೆ, ಓದಿದ್ದೂ ಸರಿಯಿದೆ ಎಂದ ಮೇಲೆ ಕೆಟ್ಟಿರುವುದು ಫೈಲೇ ಇರಬೇಕು ಎಂದುಕೊಂಡೆ. ಹೊಸದಾಗಿ ಇಳಿಸಿಕೊಳ್ಳೋಣವೆಂದರೆ ಫೋನಿಗೆ ಸಿಗ್ನಲ್ಲಿಲ್ಲ. ಫೋನು ಹಿಡಿದುಕೊಂಡು ಹಿತ್ತಿಲಿಗೆ ಹೋದೆ, ತಿಪ್ಪೆಯ ಪಕ್ಕ ನಿಂತೆ, ವಾಪಸು ಬಂದೆ.

ಹೊತ್ತು ಏರುತ್ತಿತ್ತು. ಅಜ್ಜಿಯ ಚೀಲ ತಟ್ಟೆಯ ಮೇಲೇ ಕೂತಿತ್ತು, ಅಜ್ಜಿ ಅಂಕಿಯನ್ನೇ ನೋಡುತ್ತಿದ್ದರು. ನಾನು ನೋಡುವಾಗಲೇ ಕೊನೆಯ ಅಂಕಿ ಒಂದು ಇಳಿಯಿತು. ಅಜ್ಜಿ ಸೆರಗಿನ ತುದಿಯಿಂದ ಚೀಲದ ಬಾಯಿ ಮುಚ್ಚಿದರು, ಬಿಸಿಲು ಬೀಳದಿರಲಿ ಎಂದು.

ಹುಣಸೆಮರದ ಕೆಳಗಿನಿಂದ ಡ್ರೈವರು ಕೂಗಿದ: “ಏನಣ್ಣ, ನಿಮ್ ಮಿಷಿನ್ಗೆ ಇನ್ನೂವೆ ಬೆಳಗಾಗ್ನಿಲ್ವ?”

ಒಂದಿಬ್ಬರು ನಕ್ಕರು. ಮೂಲೆಯಲ್ಲಿ ಕೂತಿದ್ದ ಇಬ್ಬರು ಹೆಂಗಸರು ನಗಲಿಲ್ಲ, ಎದ್ದು ಚೀಲ ಎತ್ತಿಕೊಂಡು ಆಟೋ ಕಡೆ ನಡೆದರು. ತಪ್ಪು ಅವರದಲ್ಲ. ಅಕ್ಕ ಅವರನ್ನು ತಡೆಯಲಿಲ್ಲ. ನನ್ನ ರಟ್ಟೆ ಹಿಡಿದು ನಡುಮನೆಯೊಳಗೆ ಕರೆದುಕೊಂಡು ಹೋದಳು.

“ಆಗದಿಲ್ಲ ಅಂದ್ರೆ ಈಗ್ಲೇ ಯೋಳ್ಬುಡ್ಲಾ. ನನ್ ಮಾತ್ ನಂಬ್ಕಂಡು ಬಂದು ಕುಂತವ್ರೆ. ಅವ್ರ್ ಹೂವ ಬಾಡುಸ್ಬ್ಯಾಡ.”

ಕೈಯಲ್ಲೇ ಚೀಟಿ ಬರೆದುಕೊಟ್ಟು ಇವತ್ತಿಗೆ ಸುಧಾರಿಸೋಣ ಅಂದೆ. ಅಂಕಿ ಮಿಷಿನ್ನಿನ ಮೇಲೆ ಕಾಣುತ್ತಿದೆಯಲ್ಲ.

“ಕೈಲಿ ಬರ್ದ್‌ಕೊಟ್ರೆ ಅವ್ನ್ ಚೀಟಿಗೂ ನಮ್ ಚೀಟಿಗೂ ಏನ್ಲಾ ವೆತ್ಯಾಸ? ಇವತ್ ಎದ್ದೋದೋರು ನಾಳೀಕ್ ಬತ್ತರಾ?”

ಅವಳ ದನಿ ಏರಿರಲಿಲ್ಲ. ಅದೇ ನನಗೆ ಹೆಚ್ಚು ತಾಕಿತು. ಸಣ್ಣವನಿದ್ದಾಗ ನಾನು ಶಾಲೆ ಬಿಟ್ಟು ಬಂದ ದಿನವೂ ಅಕ್ಕ ಹೀಗೇ ತಗ್ಗಿದ ದನಿಯಲ್ಲಿ, ಏನು ಹಿಡಿದರೂ ಸರಿ, ಅರ್ಧಕ್ಕೆ ಬಿಡಬೇಡ ಅಂದಿದ್ದಳು. ಆಗುತ್ತದೆ ಕಣಕ್ಕ ಅಂದೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ.

ನಾನು ಹೊರಗೆ ಬಂದು ಮತ್ತೆ ಪರದೆಯ ಮುಂದೆ ಕೂತೆ. ಅಕ್ಕ ಹೊಸಲಿನಲ್ಲಿ ನಿಂತು ದೇವರಿಗೆ ಬೈಯತೊಡಗಿದಳು, ಮನೆಯವರಿಗೆ ಬೈದ ಹಾಗೇ. ಏನು ಕಮ್ಮಿ ಮಾಡಿದೆ ನಿನಗೆ, ಹಣ್ಣುಕಾಯಿ ಮಾಡಿಸಿದೆ, ಹೂವು ಇಟ್ಟೆ.

“ವರ್ಗಡೆ ಕುಂಕ್ಮ ಇಟ್ರೆ ಸಾಲ್ದು ಅಂದ್ಬುಟ್ಟು ಒಳೀಕೂವೆ ಶ್ರೀಕಾರ ಹಾಕ್ಸುದ್ನಲ್ಲ, ಇನ್ನೇನ್ ಮಾಡ್ಬೇಕಿತ್ತು ನಾನು?”

ಕೀಬೋರ್ಡಿನ ಮೇಲೆ ನನ್ನ ಬೆರಳು ನಿಂತವು. ಹೊಸ ಲೆಕ್ಕ ಶುರು ಮಾಡುವಾಗ ನೆತ್ತಿಯಲ್ಲಿ ‘ಶ್ರೀ’ ಬರೆಯದೆ ನಮ್ಮವರು ಒಂದಂಕಿಯನ್ನೂ ಬರೆಯುವುದಿಲ್ಲ. ಆದರೆ ಕಂಪ್ಯೂಟರಿನ ಒಳಗೆ ನೆತ್ತಿ ಎಲ್ಲಿದೆ?

“ಒಳೀಕೆ ಅಂದ್ರೆ ಎಲ್ಲಿಗಮ್ಮಿ ಹಾಕ್ದೆ?” ಎಂದು ಅಕ್ಕನ ಮಗಳನ್ನು ಕೇಳಿದೆ.

ಅವಳು ನಾಲಿಗೆ ಕಚ್ಚಿಕೊಂಡಳು. “ಅವ್ವ ಲೆಕ್ಕದ್ ಮೇಲೆ ಬರಿ ಅಂದ್ಲು ಮಾವ. ಲೆಕ್ಕ ಇರದು ತೂಕದ್ ಫೋಲ್ಡರ್‌ನಲ್ಲಲ್ವ. ಅದ್ರ ಎಸ್ರಿನ್ ಮುಂದ್ಕೆ ಹಾಕ್ಬುಟ್ಟೆ.”

ಫೋಲ್ಡರಿನ ಹೆಸರು ‘ಶ್ರೀ ತೂಕ’ ಆಗಿತ್ತು. ನನ್ನ ಸಾಲು ಇನ್ನೂ ಬರೀ ‘ತೂಕ’ದ ವಿಳಾಸ ಹೇಳುತ್ತಿತ್ತು. ಅಂಥ ಜಾಗವೇ ಇಲ್ಲ ಎಂದು ಮಿಷಿನ್ನು ಒಂದು ಮಾತು ಹೇಳಬಾರದಿತ್ತೇ? ಹೇಳುವುದಿಲ್ಲ. ಇಲ್ಲದ ಊರಿನ ವಿಳಾಸ ಕೊಟ್ಟರೂ ತಲೆ ಅಲ್ಲಾಡಿಸಿ ಸುಮ್ಮನಿರುತ್ತದೆ, ಕೊನೆಗೆ ಲೈಬ್ರರಿ ಇಲ್ಲ ಎಂದಷ್ಟೇ ಅನ್ನುತ್ತದೆ. ನಾನು ನೋಡಿದ್ದು ಬರವಣಿಗೆಯನ್ನು. ಆ ಹೆಸರಿನ ಜಾಗ ಭೂಮಿಯ ಮೇಲೆ ಇದೆಯೇ ಎಂದು ನೋಡಿರಲಿಲ್ಲ. ಈಗ ಯಾರ ಮಿಷಿನ್ನಿನಲ್ಲಿ ಆ ಕೆಂಪಕ್ಷರ ಕಂಡರೂ ನಾನು ಮೊದಲು ಮಾಡುವುದು ಅದೊಂದೇ ಕೆಲಸ, ಹೇಳಿದ ಮೊಳೆ ಗೋಡೆಯಲ್ಲಿ ಉಂಟೋ ಇಲ್ಲವೋ ಕೈಯಿಟ್ಟು ನೋಡುವುದು.

ನಗು ಬಂತು. ಜೋರಾಗಿಯೇ ನಕ್ಕೆ. ಹೆಂಗಸರೆಲ್ಲ ನನ್ನ ಕಡೆ ನೋಡಿದರು, ಇವನಿಗೆ ಬಿಸಿಲು ಹತ್ತಿತು ಎಂದುಕೊಂಡಿರಬೇಕು. ಹೆಸರಿನಿಂದ ‘ಶ್ರೀ’ ತೆಗೆದುಬಿಟ್ಟರೆ ಮುಗಿಯಿತು ಅಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು.

“ಬರ್ದಿರೊ ಶ್ರೀಕಾರ ಅಳ್ಸದಾ? ನನ್ ಉಸ್ರಿರ ಗಂಟ ಆಗ್ದು ಕಣ್ಲಾ,” ಅಂದಳು ಅಕ್ಕ. ಸುತ್ತಲಿನವರೂ ಅವಳ ಕಡೆಗೇ. ಈಗಷ್ಟೇ ಬೇಜಾರಾಗಿ ಕೂತಿದ್ದವರು ಈ ವಿಷಯಕ್ಕೆ ಒಟ್ಟಾದರು. ಅಜ್ಜಿ ಕೂಡ ತಲೆ ಆಡಿಸಿದರು, ಮೊದಲನೇ ದಿನವೇ ಅಳಿಸುವುದು ಒಳ್ಳೆಯದಲ್ಲ ಎಂದು.

ನಾನು ವಾದ ಮಾಡಲಿಲ್ಲ. ತಕ್ಕಡಿ ಕೆಲಸದಲ್ಲಿ ಇಷ್ಟು ವರ್ಷ ಕಲಿತದ್ದೇನೆಂದರೆ, ತೂಗುವವರ ನಂಬಿಕೆಯೂ ಮಿಷಿನ್ನಿನ ಒಂದು ಭಾಗವೇ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ರಿಪೇರಿ ಮಾಡಲಾಗದು. ಲಿನಕ್ಸಿನಲ್ಲಿ ಒಂದು ಸವಲತ್ತಿದೆ. ಹಳೆಯ ಹೆಸರಿನಲ್ಲಿ ಒಂದು ಕೈಮರ ನೆಡಬಹುದು. ‘ತೂಕ’ ಎಂದು ಹುಡುಕಿಕೊಂಡು ಬಂದವರನ್ನು ಅದು ಸೀದಾ ‘ಶ್ರೀ ತೂಕ’ಕ್ಕೆ ಕಳಿಸುತ್ತದೆ. ಬಂದವರಿಗೆ ತಾವು ತಿರುಗಿದ್ದೇ ಗೊತ್ತಾಗುವುದಿಲ್ಲ. ಟರ್ಮಿನಲ್ ತೆರೆದು ಒಂದು ಸಾಲು ಬರೆದೆ. ತಂತ್ರಾಂಶ ಮುಚ್ಚಿ, ಐಕಾನಿನಿಂದ ತೆರೆಯಲು ಅಕ್ಕನ ಮಗಳಿಗೇ ಹೇಳಿದೆ.

ಅವಳು ಒತ್ತಿದಳು. ಕೆಂಪಕ್ಷರ ಬರಲಿಲ್ಲ. ತಟ್ಟೆಯ ಮೇಲಿನ ಅಂಕಿಯೇ ಪರದೆಯ ಮೇಲೂ ನಿಂತಿತು, ಪ್ರಿಂಟರು ಕಿರ್ರೆಂದು ನಾಲಿಗೆ ಚಾಚಿತು.

ಅಕ್ಕ ಚೀಟಿ ಹರಿದು ಹಿಡಿದು, ಕಣದ ಆ ತುದಿಗೂ ಕೇಳುವ ಹಾಗೆ ಕೂಗಿದಳು: “ಲಾಭ!”

ಆಟೋಗೆ ಚೀಲ ಹಾಕಿದ್ದ ಇಬ್ಬರಲ್ಲಿ ಒಬ್ಬಾಕೆ ಇಳಿಸಿಕೊಂಡು ವಾಪಸು ಬಂದಳು. ಇನ್ನೊಬ್ಬಾಕೆ ಬರಲಿಲ್ಲ, ಆಟೋ ಆಕೆಯ ಚೀಲ ಒಂದನ್ನೇ ಹೊತ್ತುಕೊಂಡು ಹೋಯಿತು. ವಾಪಸು ಬಂದವಳಿಗೆ ಚೀಲ ಇಳಿಸಿಕೊಟ್ಟವನು ಆ ಡ್ರೈವರೇ. ಇಳಿಸುತ್ತಾ, ತನ್ನ ಅಮ್ಮನದೂ ಒಂದು ಪಟ್ಟೆ ಹೊಲದಲ್ಲಿ ಹೂವಿದೆ, ಹೊರಗಿನವರದನ್ನೂ ಇಲ್ಲಿ ತೂಗುತ್ತಾರಾ ಎಂದು ಮೆಲ್ಲಗೆ ವಿಚಾರಿಸಿದನಂತೆ.

ಅಜ್ಜಿಗೆ ಓದಲು ಬಾರದು. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ತೂಕದ ಮಿಷಿನ್ನಿನ ಹತ್ತಿರ ಹೋದರು. ಚೀಟಿಯ ಅಂಕಿಯನ್ನು ಮಿಷಿನ್ನಿನ ಕೆಂಪಂಕಿಯ ಪಕ್ಕಕ್ಕೆ ಹಿಡಿದು, ಒಂದೊಂದರ ಮೇಲೂ ಬೆರಳಿಟ್ಟು, ಆ ಆಕಾರ ಈ ಆಕಾರ ಒಂದೇ ಏನು ಎಂದು ನೋಡಿದರು. ಕಾದಿದ್ದರಲ್ಲಿ ನಿಮ್ಮ ತೂಕ ಒಂದಿಷ್ಟು ಹೋಯಿತಲ್ಲ ಅಜ್ಜಿ ಅಂದೆ. ಬಿಸಿಲು ತಿಂದದ್ದಕ್ಕೆ ಯಾರೇನು ಮಾಡೋಕಾಗುತ್ತೆ ಬುಡು, ಮನುಷ್ಯರು ತಿನ್ನಲಿಲ್ಲವಲ್ಲ ಅಂದರು. ಆಮೇಲೆ ಚೀಟಿಯನ್ನು ಮಡಿಸಿ ಎಲೆಯಡಿಕೆ ಸಂಚಿಗೆ ಸೇರಿಸಿ, ದಾರ ಎಳೆದು, ಹೂವನ್ನು ಕಣದಲ್ಲಿ ಸುರಿದು, ಖಾಲಿ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

“ನಾಳೀಕ್ ಎಷ್ಟೊತ್ಗೆ ತರನಪ್ಪ?”

ಅಕ್ಕನ ಮುಖ ನೋಡಿದೆ. ಅವಳು ಆಗಲೇ ಮುಂದಿನ ಚೀಲವನ್ನು ತಟ್ಟೆಗೆ ಎತ್ತುತ್ತಿದ್ದಳು, ಎರಡು ಎಂದು ಕೂಗಲು ಬಾಯಿ ತೆರೆದಿದ್ದಳು. ಉತ್ತರ ನಾನೇ ಹೇಳಬೇಕಾಯಿತು.

“ಇಬ್ನಿ ಆರದ್ಕ್ ಮುಂಚೆ ತಕ್ಕಬನ್ನಿ ಅಜ್ಜಿ. ಬಂದೇಟ್ಗೇ ತೂಗದು.”